ಡ್ರೈನೇಜ್ ಪೈಪಿಗೆ ವಾಟ ಎಷ್ಟು? ಮೊದಲು ಕೊನೆಯ ಚೇಂಬರ್ ಅಳೆಯಿರಿ

ನೇರ ಉತ್ತರ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯ 4 ಇಂಚಿನ ಡ್ರೈನೇಜ್ ಪೈಪಿಗೆ 10 ಅಡಿ ಉದ್ದಕ್ಕೆ ಎರಡೂವರೆ ಇಂಚು ವಾಟ, ಅಂದರೆ ಇಳಿಜಾರು, ಕೊಡಿ. ಎರಡು ಇಂಚಿಗೆ ಇಳಿಯುವುದು ಬೇಡ. ಮೂರು ಇಂಚು ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಕಷ್ಟದ ಭಾಗ. ಆ ಎರಡೂವರೆ ಇಂಚು ನಿಮ್ಮ ಸೈಟಿನಲ್ಲಿ ಸಿಗುತ್ತದಾ? ಸಿಕ್ಕರೂ ಮಣ್ಣು ಮುಚ್ಚಿದ ಮೇಲೆ ಹಾಗೇ ಉಳಿಯುತ್ತದಾ? ಬಹಳ ಕಡೆ ಪ್ಲಂಬರ್ ಬಾತ್‌ರೂಮ್ ಕಡೆಯಿಂದ ಪೈಪ್ ಹಾಕುತ್ತಾ ಬರುತ್ತಾರೆ, ವಾಟ ಚೆನ್ನಾಗಿಯೇ ಕೊಟ್ಟಿರುತ್ತಾರೆ, ಗೇಟಿನ ಹತ್ತಿರ ಬಂದಾಗ ನೋಡಿದರೆ ರಸ್ತೆಯ ಯುಜಿಡಿ (ಒಳಚರಂಡಿ) ಕನೆಕ್ಷನ್ ತಮ್ಮ ಪೈಪಿಗಿಂತ ಮೇಲಿದೆ. ಆಮೇಲೆ ಕೊನೆಯ ಹದಿನೈದು ಅಡಿಯನ್ನು ಮಟ್ಟಸವಾಗಿ ಎಳೆದು ಹೇಗೋ ಸೇರಿಸಿಬಿಡುತ್ತಾರೆ. ಮುಂದೆ ವರ್ಷಕ್ಕೆರಡು ಸಲ ಬ್ಲಾಕ್ ಆಗುವುದು ಅಲ್ಲೇ. ಹಾಗಾಗಿ ಈ ಕೆಲಸ ಶುರುವಾಗಬೇಕಾದದ್ದು ಕೊನೆಯಿಂದ, ಅಂದರೆ ನಮ್ಮ ಪೈಪ್ ಹೋಗಿ ಸೇರುವ ರಸ್ತೆ ಚೇಂಬರಿನಿಂದ (ಮುಚ್ಚಳ ಇರುವ ಡ್ರೈನೇಜ್ ಗುಂಡಿ).

ಅಂಕಿಗಳನ್ನು ಓದೋದು ಹೇಗೆ

ಡ್ರಾಯಿಂಗಿನಲ್ಲಿ ವಾಟವನ್ನು 1:40, 1:60 ಅಂತ ಬರೆದಿರುತ್ತಾರೆ. 1:40 ಅಂದರೆ 40 ಅಡಿ ದೂರಕ್ಕೆ 1 ಅಡಿ ಇಳಿತ. ಸೈಟಿನಲ್ಲಿ ಇದನ್ನು ಇಂಚಿಗೆ ತಿರುಗಿಸಲು ಸುಲಭ ದಾರಿ ಇದೆ. 120ನ್ನು ಆ ಸಂಖ್ಯೆಯಿಂದ ಭಾಗಿಸಿ, ಬಂದದ್ದು 10 ಅಡಿಗೆ ಎಷ್ಟು ಇಂಚು ಅನ್ನುವುದು. 1:40ಕ್ಕೆ 3 ಇಂಚು, 1:48ಕ್ಕೆ ಎರಡೂವರೆ, 1:60ಕ್ಕೆ 2, 1:80ಕ್ಕೆ ಒಂದೂವರೆ. ಇದನ್ನು ಗೋಡೆ ಮೇಲೆ ಬರೆದಿಟ್ಟರೂ ತಪ್ಪಿಲ್ಲ.

ಹಳೇ ಕಾಲದ ಲೆಕ್ಕ ಒಂದಿದೆ. ಪೈಪಿನ ಇಂಚನ್ನು ಹತ್ತರಿಂದ ಗುಣಿಸಿ. 4 ಇಂಚಿಗೆ 1:40, 6 ಇಂಚಿಗೆ 1:60, 9 ಇಂಚಿಗೆ 1:90. ಐಎಸ್ 1742 ಕೋಡ್, ಅಂದರೆ ಕಟ್ಟಡಗಳ ಡ್ರೈನೇಜಿಗೆ ಇರುವ ಭಾರತೀಯ ಮಾನಕ, ಇದಕ್ಕಿಂತ ಸ್ವಲ್ಪ ಸಡಿಲ: 100 ಎಂಎಂ (4 ಇಂಚು) ಪೈಪಿಗೆ ಕನಿಷ್ಠ 1:57, 150 ಎಂಎಂಗೆ (6 ಇಂಚು) 1:100, 200 ಎಂಎಂಗೆ 1:145. ಈ ಅಂಕಿಗಳ ಹಿಂದೆ ಇರುವುದು ನೀರಿನ ವೇಗ. ಕೊಳಚೆ ನೀರು ಸೆಕೆಂಡಿಗೆ ಸುಮಾರು 0.75 ಮೀಟರ್, ಅಂದರೆ ಎರಡೂವರೆ ಅಡಿಯಷ್ಟು ವೇಗದಲ್ಲಿ ಹರಿದರೆ ಗಟ್ಟಿ ಪದಾರ್ಥ ತಳದಲ್ಲಿ ಕೂರುವುದಿಲ್ಲ, ಪೈಪ್ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ.

ಇಲ್ಲಿ ಒಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ವಾಟ ಅರ್ಧ ಮಾಡಿದರೆ ವೇಗ ಅರ್ಧ ಆಗುವುದಿಲ್ಲ, ಸುಮಾರು 30 ಪರ್ಸೆಂಟ್ ಮಾತ್ರ ಕಡಿಮೆ ಆಗುತ್ತದೆ. ಯಾಕೆಂದರೆ ವೇಗ ಇರುವುದು ವಾಟದ ವರ್ಗಮೂಲದ ಲೆಕ್ಕದಲ್ಲಿ. ಹಾಗಾಗಿ 1:48 ಅಂದುಕೊಂಡದ್ದು 1:55 ಆದರೆ ತಲೆ ಕೆಡಿಸಿಕೊಳ್ಳಬೇಡಿ. ನಡುವೆ ಎಲ್ಲೋ ಐದು ಅಡಿ ಸೊನ್ನೆ ವಾಟ ಆಗಿದ್ದರೆ ಖಂಡಿತ ಕೆಡಿಸಿಕೊಳ್ಳಿ.

ಕೋಡ್ 1:57 ಸಾಕು ಅಂದರೂ ನಾನು 1:48 ಅನ್ನುತ್ತಿರುವುದಕ್ಕೆ ಕಾರಣ ನೀರು. ಕೋಡಿನ ಲೆಕ್ಕ ಪೈಪಿನಲ್ಲಿ ತಕ್ಕಷ್ಟು ನೀರು ಹರಿಯುತ್ತಿದೆ ಅಂತ ಇಟ್ಟುಕೊಂಡು ಮಾಡಿದ್ದು. ಒಂದು ಮನೆಯಲ್ಲಿ ಹಾಗೆ ಹರಿಯುವುದೇ ಅಪರೂಪ. ಹಳೇ ಫ್ಲಶ್ ಟ್ಯಾಂಕ್ ಒಂದು ಸಲಕ್ಕೆ ಹತ್ತು ಲೀಟರ್ ಸುರಿಯುತ್ತಿತ್ತು, ಈಗಿನ ಎರಡು ಬಟನ್ನಿನವು 3 ಅಥವಾ 6 ಲೀಟರ್. ಅಷ್ಟು ನೀರು ಉದ್ದದ ಪೈಪಿನಲ್ಲಿ ಹರಡಿಕೊಂಡು ತೆಳುವಾಗಿ, ಅರ್ಧ ದಾರಿಯಲ್ಲೇ ಗಟ್ಟಿಯನ್ನು ಬಿಟ್ಟು ಹೋಗುತ್ತದೆ. ಮುಂದಿನ ಫ್ಲಶ್ ಅದನ್ನು ಇನ್ನಷ್ಟು ದೂರ ತಳ್ಳುತ್ತದೆ. ವಾಟ ಸ್ವಲ್ಪ ಜಾಸ್ತಿ ಇದ್ದರೆ ಈ ಕೆಲಸ ಸುಲಭ.

6 ಇಂಚಿನ ಪೈಪ್ ಹಾಕಿಬಿಡೋಣ ಅನ್ನುವವರಿಗೆ

"ವಾಟ ಸಿಗ್ತಿಲ್ಲ ಸಾರ್, 6 ಇಂಚು ಹಾಕಿಬಿಡೋಣ, ಏನೂ ಆಗಲ್ಲ." ಈ ಮಾತು ನೀವೂ ಕೇಳಿರಬಹುದು. ಕೋಡ್ ನೋಡಿದರೆ ಸರಿ ಅಂತಲೇ ಅನ್ನಿಸುತ್ತದೆ, 6 ಇಂಚಿಗೆ 1:100 ಸಾಕಲ್ವಾ. ಆದರೆ ಅದು ಅರ್ಧದಷ್ಟಾದರೂ ತುಂಬಿ ಹರಿಯುವ ಪೈಪಿಗೆ ಹೇಳಿದ ಮಾತು. ಎರಡು ಬಾತ್‌ರೂಮಿನ ಮನೆಯ ನೀರು 6 ಇಂಚಿನ ಪೈಪಿನ ತಳದಲ್ಲಿ ಒಂದು ತೆಳು ಪಟ್ಟಿಯಾಗಿ ಹರಿಯುತ್ತದೆ. ನೀರಿನ ಆಳ ಕಡಿಮೆ, ಎತ್ತಿಕೊಂಡು ಹೋಗುವ ಶಕ್ತಿಯೂ ಕಡಿಮೆ. ಅದೇ ನೀರು 4 ಇಂಚಿನಲ್ಲಿ ಆಳವಾಗಿ ಹರಿದು ಕೆಲಸ ಮಾಡುತ್ತದೆ. ನನ್ನ ಮಟ್ಟಿಗೆ, ಒಂದೇ ಕುಟುಂಬದ ಮನೆಗೆ ಒಳಗಿನ ಲೈನು 4 ಇಂಚು, ಅಂದರೆ ಅಂಗಡಿಯಲ್ಲಿ 110 ಎಂಎಂ ಅಂತ ಕೊಡುವ ಪೈಪ್. ನಾಲ್ಕೈದು ಬಾಡಿಗೆ ಮನೆಗಳಿದ್ದು ಎಲ್ಲವೂ ಒಂದೇ ಲೈನಿಗೆ ಸೇರುವುದಾದರೆ, ಸೇರಿದ ಮೇಲಿನ ಭಾಗಕ್ಕೆ 6 ಇಂಚು. ಆಗಲೂ ವಾಟ ಸಿಗುವಷ್ಟು ಕೊಡಿ, 1:100ಕ್ಕೆ ಇಳಿಯುವ ಅಗತ್ಯ ಇಲ್ಲದಿದ್ದರೆ ಇಳಿಯಬೇಡಿ.

ಕೊನೆಯಿಂದ ಅಳೆಯೋದು

ಪಾಯ ಹಾಕುವ ಮೊದಲೇ ಇದನ್ನು ಮಾಡಿದರೆ ಅರ್ಧ ತಲೆನೋವು ಕಡಿಮೆ. ಪ್ಲಿಂತ್ (ನೆಲದಿಂದ ಮನೆಯ ಫ್ಲೋರಿನವರೆಗಿನ ಕಟ್ಟೆ) ಎಷ್ಟು ಎತ್ತರ ಬೇಕು ಅನ್ನುವುದನ್ನೂ ಇದೇ ಅಳತೆ ಹೇಳುತ್ತದೆ.

ಬೇಕಾಗಿರುವುದು ಗಾರೆ ಮೇಸ್ತ್ರಿಯ ಹತ್ತಿರ ಇರುವ ಟ್ಯೂಬ್ ಲೆವೆಲ್, ಟೇಪು, ಒಂದು ಮಾರ್ಕರ್. ಸೈಟಿನ ಹಿಂದಿನ ಗೋಡೆ ಅಥವಾ ಕಂಬದ ಮೇಲೆ ಒಂದು ಗೆರೆ ಎಳೆಯಿರಿ. ಟ್ಯೂಬಿನಲ್ಲಿ ನೀರು ತುಂಬಿ, ಗಾಳಿಗುಳ್ಳೆ ಇಲ್ಲ ಅಂತ ನೋಡಿಕೊಂಡು, ಅದೇ ಮಟ್ಟವನ್ನು ಗೇಟಿನ ಹತ್ತಿರ ಮತ್ತು ರಸ್ತೆ ಚೇಂಬರ್ ಹತ್ತಿರ ಗುರುತು ಮಾಡಿ. ಗುಳ್ಳೆ ಒಂದು ಇದ್ದರೂ ಒಂದೆರಡು ಇಂಚು ತಪ್ಪು ತೋರಿಸುತ್ತದೆ, ನಮ್ಮ ಇಡೀ ಲೆಕ್ಕ ಇರುವುದೇ ಒಂದೆರಡು ಇಂಚಿನಲ್ಲಿ.

ಈಗ ರಸ್ತೆ ಚೇಂಬರಿನ ಮುಚ್ಚಳ ತೆಗೆಸಿ. ನಿಮ್ಮ ಪೈಪ್ ಸೇರಬೇಕಾದ ಜಾಗದಲ್ಲಿ, ಪೈಪಿನ ಒಳಗಿನ ತಳ ಎಲ್ಲಿ ಬರುತ್ತದೋ ಅಲ್ಲಿಯವರೆಗೆ ಗೆರೆಯಿಂದ ಕೆಳಕ್ಕೆ ಅಳೆಯಿರಿ. ಮ್ಯಾನ್‌ಹೋಲಿನ ತಳಕ್ಕೆ ಅಳೆಯಬೇಡಿ. ಮನೆ ಪೈಪ್ ಮೇನ್ ಲೈನಿನ ನೀರಿನ ಮಟ್ಟಕ್ಕಿಂತ ಮೇಲೆ ಸೇರಬೇಕು. ಹಾಗೆಯೇ ಹಿಂದುಗಡೆ, ಅತಿ ದೂರದ ಟಾಯ್ಲೆಟ್ಟಿನ ಪೈಪ್ ಹೊರಬರುವ ಜಾಗದಲ್ಲೂ ಒಳ ತಳಕ್ಕೆ ಅಳತೆ ತೆಗೆಯಿರಿ.

ಒಂದು ಉದಾಹರಣೆ ನೋಡೋಣ. 30×40 ಸೈಟು. ಹಿಂದಿನ ಟಾಯ್ಲೆಟ್ಟಿನಿಂದ ಮುಂದಿನ ಚೇಂಬರಿಗೆ 38 ಅಡಿ, ಅಲ್ಲಿಂದ ರಸ್ತೆ ಚೇಂಬರಿಗೆ 14 ಅಡಿ. ಒಟ್ಟು 52 ಅಡಿ, ಅಂದರೆ 624 ಇಂಚು. ಹಿಂದೆ ಗೆರೆಯಿಂದ ಪೈಪಿನ ತಳ 40 ಇಂಚು ಕೆಳಗೆ, ರಸ್ತೆಯಲ್ಲಿ 56 ಇಂಚು ಕೆಳಗೆ. ಸಿಕ್ಕ ಇಳಿತ 16 ಇಂಚು. ನಡುವೆ ಎರಡು ಚೇಂಬರ್ ಬರುತ್ತವೆ, ಪ್ರತಿಯೊಂದರ ಒಳಗೂ ಒಂದು ಇಂಚು ಇಳಿಸಬೇಕು ಅಂತ ಇಟ್ಟುಕೊಳ್ಳಿ. ಪೈಪಿಗೆ ಉಳಿಯುವುದು 14 ಇಂಚು. 624ನ್ನು 14ರಿಂದ ಭಾಗಿಸಿದರೆ ಸುಮಾರು 45. ಅಂದರೆ 1:45. ಆರಾಮಾಗಿ ಕೆಲಸ ಶುರು ಮಾಡಬಹುದು.

ಅದೇ ಸೈಟಿನಲ್ಲಿ ಇಳಿತ 10 ಇಂಚು ಮಾತ್ರ ಇದ್ದಿದ್ದರೆ? ಚೇಂಬರಿಗೆ ಎರಡು ಕಳೆದು 8 ಇಂಚು. 624 ಭಾಗಿಸು 8, ಅಂದರೆ 1:78. ಇದು ಸಾಲದು. ಸೆಪ್ಟಿಕ್ ಟ್ಯಾಂಕ್ ಇರುವ ಊರುಗಳಲ್ಲೂ ಲೆಕ್ಕ ಇದೇ, ರಸ್ತೆ ಚೇಂಬರಿನ ಬದಲು ಟ್ಯಾಂಕಿನ ಒಳಹರಿವಿನ ಪೈಪಿಗೆ ಅಳೆಯಿರಿ. ಟ್ಯಾಂಕ್ ಕಟ್ಟುವವರಿಗೆ ಒಳಹರಿವು ಹೊರಹರಿವಿಗಿಂತ ಕನಿಷ್ಠ ಎರಡು ಇಂಚು ಮೇಲಿರಬೇಕು ಅಂತ ನೆನಪಿಸಿ. ಇಲ್ಲದಿದ್ದರೆ ಟ್ಯಾಂಕಿನ ನೀರೇ ನಿಮ್ಮ ಪೈಪಿನೊಳಗೆ ನಿಲ್ಲುತ್ತದೆ.

ವಾಟ ಸಿಗದಿದ್ದರೆ

ಮನೆ ಇನ್ನೂ ಕಟ್ಟಿಲ್ಲದಿದ್ದರೆ ಪ್ಲಿಂತ್ ಎತ್ತರಿಸಿ. ಬೆಂಗಳೂರಿನಂಥ ಊರಿನಲ್ಲಿ ರಸ್ತೆಗೆ ಡಾಂಬರಿನ ಮೇಲೆ ಡಾಂಬರು ಬಿದ್ದು ಮಟ್ಟ ಏರುತ್ತಲೇ ಇರುತ್ತದೆ, ಹಾಗಾಗಿ ಎತ್ತರಿಸಿದ ಪ್ಲಿಂತ್ ಮಳೆಗಾಲಕ್ಕೂ ಉಪಯೋಗ. ಎರಡನೆಯದು, ದಾರಿ ಕಡಿಮೆ ಮಾಡಿ. ಪೈಪ್ ಮನೆಯನ್ನು ಸುತ್ತಿಕೊಂಡು ಬರುವ ಬದಲು ಒಂದೇ ಪಕ್ಕದಲ್ಲಿ ನೇರವಾಗಿ ಬಂದರೆ ಹತ್ತು ಹದಿನೈದು ಅಡಿ ಉಳಿಯುತ್ತದೆ. ಬಾತ್‌ರೂಮನ್ನು ಮುಂದಕ್ಕೆ ತರುವುದು ಇನ್ನೂ ಒಳ್ಳೆಯದು, ಆದರೆ ವಾಸ್ತು ನೋಡುವವರ ಮನೆಯಲ್ಲಿ ಈ ಮಾತು ಎತ್ತುವ ಧೈರ್ಯ ಇಂಜಿನಿಯರಿಗೂ ಇರುವುದಿಲ್ಲ ಬಿಡಿ.

ಇನ್ನೊಂದು ಉಪಾಯ, ಹಿಂದಿನ ಪೈಪನ್ನು ಆದಷ್ಟು ಮೇಲಿನಿಂದ ಶುರು ಮಾಡುವುದು. ಹಿಂದೆ ಆಳ ಕಡಿಮೆ ಇದ್ದರೆ ನಡೆಯುತ್ತದೆ, ಅಲ್ಲಿ ಕಾರು ಓಡಾಡುವುದಿಲ್ಲ. ಪೋರ್ಟಿಕೋ ಕೆಳಗೆ ಪೈಪ್ ಮೇಲಕ್ಕೆ ಬಂದಿದ್ದರೆ ಮಾತ್ರ ಸುತ್ತ ಕಾಂಕ್ರೀಟ್ ಹಾಕಿಸಿ. ಏನು ಮಾಡಿದರೂ ಆಗದೆ, ನೆಲಮಾಳಿಗೆಯಲ್ಲಿ ಟಾಯ್ಲೆಟ್ ಬೇಕೇ ಬೇಕು ಅಂದರೆ ಗುಂಡಿಯಲ್ಲಿ ಶೇಖರಿಸಿ ಪಂಪಿನಿಂದ ಎತ್ತಬೇಕು. ಅದಕ್ಕೆ ಕರೆಂಟು ಬೇಕು, ರಿಪೇರಿ ಬೇಕು, ವಾಸನೆಯೂ ಇರುತ್ತದೆ. ಕೊನೇ ದಾರಿ ಅಂತ ಇಟ್ಟುಕೊಳ್ಳಿ.

ಮಳೆನೀರಿನ ಪೈಪನ್ನು ಇದೇ ಲೈನಿಗೆ ಸೇರಿಸಿದರೆ ನೀರು ಜಾಸ್ತಿಯಾಗಿ ತೊಳೆದುಕೊಂಡು ಹೋಗುತ್ತದೆ ಅನ್ನುವವರೂ ಇದ್ದಾರೆ. ಬೇಡ. ಬೆಂಗಳೂರಿನಲ್ಲಿ ಜಲಮಂಡಳಿ ಯುಜಿಡಿಗೆ ಮಳೆನೀರು ಬಿಡುವುದನ್ನು ನಿಷೇಧಿಸಿದೆ. ನಿಷೇಧ ಇಲ್ಲದಿದ್ದರೂ ಬೇಡ, ಜೋರು ಮಳೆಯಲ್ಲಿ ಕೊಳಚೆ ನೀರು ಉಕ್ಕುವುದು ನಿಮ್ಮದೇ ನೆಲಮಹಡಿಯ ಬಾತ್‌ರೂಮಿನಲ್ಲಿ.

ವಾಟ ಜಾಸ್ತಿ ಆದರೆ?

"ನೀರು ಓಡಿಹೋಗಿ ಗಟ್ಟಿ ಹಿಂದೆ ಉಳಿಯುತ್ತದೆ" ಅನ್ನುವ ಭಯ ಎಲ್ಲರಿಗೂ ಇದೆ. 4 ಇಂಚಿನ ಪೈಪಿನ ವಿಷಯದಲ್ಲಿ ಈ ಭಯ ಅಗತ್ಯಕ್ಕಿಂತ ಜಾಸ್ತಿ ಅಂತ ನನ್ನ ಅಭಿಪ್ರಾಯ. ಕೋಡ್ ಹೇಳುವ ಗರಿಷ್ಠ ವಾಟವೇ 1:5.6, ಅಂದರೆ 10 ಅಡಿಗೆ 21 ಇಂಚು. ಬಯಲುಸೀಮೆಯ ಯಾವ ಸೈಟೂ ಅಲ್ಲಿಗೆ ಮುಟ್ಟುವುದಿಲ್ಲ. 10 ಅಡಿಗೆ ನಾಲ್ಕು ಇಂಚು ಸಿಕ್ಕಿತು ಅಂತ ಯಾರೂ ಹೆದರಬೇಕಿಲ್ಲ.

ಮಡಿಕೇರಿ, ಸಕಲೇಶಪುರದ ಕಡೆ ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟುವವರಿಗೆ ಮಾತ್ರ ಇದು ನಿಜವಾದ ಪ್ರಶ್ನೆ. ಅಲ್ಲಿ ಗುಡ್ಡದ ಓರೆಗೇ ಪೈಪ್ ಮಲಗಿಸಿದರೆ ನೀರು ರಭಸದಿಂದ ಬಂದು ಚೇಂಬರಿನಲ್ಲಿ ಎಗರುತ್ತದೆ, ಪೈಪೂ ನಿಧಾನಕ್ಕೆ ಕೆಳಕ್ಕೆ ಜಾರುತ್ತದೆ. ಮೆಟ್ಟಿಲಿನ ಹಾಗೆ ಮಾಡಿ: ಚೇಂಬರಿನಿಂದ ಚೇಂಬರಿಗೆ ಸಾಧಾರಣ ವಾಟ, ಚೇಂಬರಿನ ಹತ್ತಿರ ನೇರ ಇಳಿತ. ಆ ಇಳಿತ ಎರಡು ಅಡಿ ದಾಟಿದರೆ ನೀರು ಮೇಲಿಂದ ಧುಮುಕದಂತೆ ಲಂಬವಾದ ಪೈಪ್ ಕೊಟ್ಟು ತಳಕ್ಕೆ ಬಿಡಬೇಕು.

ಸಣ್ಣ ಪೈಪುಗಳಲ್ಲಿ ಮಾತ್ರ ಜಾಸ್ತಿ ವಾಟ ನಿಜಕ್ಕೂ ಕೆಟ್ಟದ್ದು. ವಾಶ್ ಬೇಸಿನ್ನಿನ ಒಂದೂವರೆ ಇಂಚಿನ ಪೈಪನ್ನು ಜಾಸ್ತಿ ಇಳಿಸಿದರೆ, ನೀರು ಪೂರ್ತಿ ತುಂಬಿ ಹರಿದು ಟ್ರ್ಯಾಪಿನಲ್ಲಿ (ವಾಸನೆ ತಡೆಯಲು ನೀರು ನಿಲ್ಲುವ ಬಾಗು) ಉಳಿಯಬೇಕಾದ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗೊಳಗೊಳ ಸದ್ದು ಬಂದು ಆಮೇಲೆ ವಾಸನೆ ಬರುವ ಬೇಸಿನ್‌ಗಳಲ್ಲಿ ಒಂದು ಕಾರಣ ಇದು. ಇವಕ್ಕೆ ಅಡಿಗೆ ಕಾಲು ಇಂಚು ಸಾಕು. ನಹಾನಿ ಟ್ರ್ಯಾಪಿನಿಂದ (ಬಾತ್‌ರೂಮ್ ನೆಲದ ಜಾಲರಿ ಕೆಳಗಿನ ಟ್ರ್ಯಾಪ್) ಬರುವ 3 ಇಂಚಿನ ಪೈಪಿಗೂ ಅಷ್ಟೇ. ಅಡುಗೆಮನೆ ಲೈನಿಗೆ ಮಾತ್ರ ಸ್ವಲ್ಪ ಧಾರಾಳವಾಗಿ 1:40 ಕೊಡಿ, ಎಣ್ಣೆ ಜಿಡ್ಡು ತಣ್ಣಗಾಗಿ ಅಂಟುವುದು ಅಲ್ಲೇ.

ಪೈಪ್ ಮಲಗಿಸುವಾಗ

ಕೆಳಗಿನ ತುದಿಯಿಂದ ಮೇಲಕ್ಕೆ ಹಾಕುತ್ತಾ ಬನ್ನಿ, ಸಾಕೆಟ್ ಬಾಯಿ ಮೇಲ್ಗಡೆಗೆ ಇರಲಿ. ಪೈಪ್ ಕೊಳ್ಳುವಾಗ ಎಸ್‌ಡಬ್ಲ್ಯುಆರ್‌ನಲ್ಲಿ (ಕೊಳಚೆ ಮತ್ತು ಮಳೆನೀರಿಗೆ ಬಳಸುವ ಪಿವಿಸಿ ಪೈಪ್) ಟೈಪ್ ಎ ಮಳೆನೀರು ಮತ್ತು ಗಾಳಿ ಪೈಪಿಗೆ, ಟೈಪ್ ಬಿ ಟಾಯ್ಲೆಟ್ ಮತ್ತು ಕೊಳಚೆ ನೀರಿಗೆ ಅನ್ನುವುದು ನೆನಪಿರಲಿ. ಮಣ್ಣಿನಡಿ ಹೋಗುವ ಲೈನಿಗೆ ಐಎಸ್ 15328 ಅಂತ ಬೇರೆ ಪೈಪೇ ಇದೆ, ಸಿಕ್ಕರೆ ಅದನ್ನೇ ತಗೊಳ್ಳಿ.

ಎರಡೂ ತುದಿಯಲ್ಲಿ ಗೂಟ ಹೊಡೆದು, ಲೆಕ್ಕ ಹಾಕಿದ ಇಳಿತಕ್ಕೆ ಸರಿಯಾಗಿ ದಾರ ಎಳೆದು ಕಟ್ಟಿ. ದಾರ ಜೋತುಬೀಳದ ಹಾಗೆ ಬಿಗಿ ಇರಲಿ. ಪ್ರತಿ ಪೈಪಿನ ಮೇಲೂ ದಾರದಿಂದ ಒಂದೇ ಅಂತರ ಬರಬೇಕು. ಸಾಕೆಟ್ಟಿನ ಉಬ್ಬಿನ ಮೇಲೆ ಅಳೆಯಬೇಡಿ, ಪೈಪಿನ ಮೈಮೇಲೆ ಅಳೆಯಿರಿ.

ಪ್ಲಂಬರ್ ರಸಮಟ್ಟ ಇಟ್ಟು "ಗುಳ್ಳೆ ಸ್ವಲ್ಪ ಆಕಡೆ ಹೋಗಿದೆ, ಸಾಕು" ಅಂದರೆ ಒಪ್ಪಬೇಡಿ. ಎರಡು ಅಡಿಯ ರಸಮಟ್ಟದ ಕೆಳತುದಿಗೆ ಸರಿಯಾಗಿ ಅರ್ಧ ಇಂಚು ದಪ್ಪದ ಮರದ ತುಂಡೊಂದನ್ನು ಟೇಪು ಸುತ್ತಿ ಅಂಟಿಸಿ. ಈಗ ಪೈಪಿನ ಮೇಲಿಟ್ಟಾಗ ಗುಳ್ಳೆ ನಡುವಿಗೆ ಬಂದರೆ ವಾಟ 1:48. ಅಂದಾಜಿನ ಮಾತೇ ಬೇಡ. ಮೊಬೈಲ್ ಆ್ಯಪ್ ಬಗ್ಗೆ ಕೇಳುವವರಿಗೆ: ಒಂದು ಡಿಗ್ರಿ ಅಂದರೆ ಸರಿಯಾಗಿ 1:57, ಕೋಡಿನ ಅಂಕಿಯೇ. ಆದರೆ ಮೊಬೈಲ್ ಅರ್ಧ ಡಿಗ್ರಿ ತಪ್ಪು ತೋರಿಸಿದರೆ ಅದೇ ಪೈಪ್ 1:115 ಆಗಿರಬಹುದು. ನಂಬಬೇಡಿ.

ಪೈಪಿನ ಅಡಿ ಅಲ್ಲಲ್ಲಿ ಇಟ್ಟಿಗೆ ಚೂರು ಕೊಟ್ಟು ವಾಟ ಹೊಂದಿಸುವುದು ನಮ್ಮಲ್ಲಿ ಬಹಳ. ಆ ದಿನ ಲೆವೆಲ್ ಸರಿ ಇರುತ್ತದೆ. ಮಣ್ಣು ಬಿದ್ದ ಮೇಲೆ ಇಟ್ಟಿಗೆ ಇರುವಲ್ಲಿ ಪೈಪ್ ನಿಲ್ಲುತ್ತದೆ, ನಡುವೆ ಬಗ್ಗುತ್ತದೆ, ಬಗ್ಗಿದ ಜಾಗದಲ್ಲಿ ನೀರು ನಿಲ್ಲುತ್ತದೆ. ಪೈಪಿನ ಕೆಳಗೆ ಮೂರ್ನಾಲ್ಕು ಇಂಚು ಮರಳು ಅಥವಾ ಎಂ-ಸ್ಯಾಂಡ್ ಹಾಸಿ, ಸಾಕೆಟ್ ಬರುವಲ್ಲಿ ಸ್ವಲ್ಪ ಗುಳಿ ತೆಗೆದು, ಪೈಪಿನ ಮೈ ಪೂರ್ತಿ ಮರಳಿನ ಮೇಲೆ ಕೂರುವಂತೆ ಮಾಡಿ. ಪಾಯದ ಪಕ್ಕದ ತುಂಬುಮಣ್ಣಿನಲ್ಲಿ ಇದು ಇನ್ನೂ ಮುಖ್ಯ, ಯಾಕೆಂದರೆ ಆ ಮಣ್ಣು ಒಂದೆರಡು ಮಳೆಗಾಲದವರೆಗೂ ಕುಸಿಯುತ್ತಲೇ ಇರುತ್ತದೆ. ನೀರು ಹಾಕಿ, ಪದರ ಪದರವಾಗಿ ದಮ್ಮಸ್ಸು ಹೊಡೆಸಿದ ಮೇಲೆಯೇ ಪೈಪಿಗೆ ಕೈ ಹಾಕಿ. ಧಾರವಾಡ, ಗದಗ, ವಿಜಯಪುರದ ಕಡೆ ಎರೆ ಮಣ್ಣಿನಲ್ಲಿ ಮನೆ ಕಟ್ಟುವವರು ಪೈಪ್ ಕೂರುವ ಚರಂಡಿಯನ್ನು ಸ್ವಲ್ಪ ಅಗಲ, ಆಳ ತೆಗೆದು ಎರೆ ಮಣ್ಣನ್ನು ಹೊರಹಾಕಿ ಗರಸು ತುಂಬಬೇಕು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೀವು ಕೊಟ್ಟ ವಾಟ ಅದರ ಜೊತೆ ಏರಿಳಿಯುತ್ತದೆ.

ತಿರುವಿನಲ್ಲಿ ಒಂದೇ 90 ಡಿಗ್ರಿ ಬೆಂಡ್ ಬೇಡ, ಎರಡು 45 ಹಾಕಿ ಅಥವಾ ಚೇಂಬರ್ ಕೊಡಿ. ಚೇಂಬರಿನ ತಳ ಚಪ್ಪಟೆ ಬಿಟ್ಟರೆ ಮೇಲಿನ ವಾಟವೆಲ್ಲ ವ್ಯರ್ಥ, ಅರ್ಧ ಪೈಪಿನ ಆಕಾರದಲ್ಲಿ ಕಾಲುವೆ ಮಾಡಿಸಿ ಎರಡೂ ಬದಿಯಿಂದ ಅದರ ಕಡೆಗೆ ಓರೆ ಪ್ಲಾಸ್ಟರ್ ಮಾಡಿಸಬೇಕು.

ಮುಚ್ಚುವ ಮೊದಲು

ಮಣ್ಣು ಹಾಕುವ ಮೊದಲು ಅರ್ಧ ಗಂಟೆ ಬೇಕು. ಒಂದು ಚೇಂಬರಿನಲ್ಲಿ ಮೊಬೈಲ್ ಟಾರ್ಚ್ ಹಿಡಿಸಿ, ಇನ್ನೊಂದರಲ್ಲಿ ಸಣ್ಣ ಕನ್ನಡಿ ಇಟ್ಟು ನೋಡಿ. ಪೈಪ್ ನೇರ ಇದ್ದರೆ ಬೆಳಕು ಪೂರ್ತಿ ದುಂಡಗೆ ಕಾಣುತ್ತದೆ. ಅರ್ಧಚಂದ್ರ ಕಂಡರೆ ನಡುವೆ ತಗ್ಗು ಅಥವಾ ಉಬ್ಬು ಇದೆ. ಆಮೇಲೆ ಪೈಪಿಗಿಂತ ಅರ್ಧ ಇಂಚು ಚಿಕ್ಕದಾದ ಚೆಂಡೊಂದನ್ನು ಮೇಲಿನಿಂದ ಬಿಡಿ, ಸಿಮೆಂಟ್ ಉಂಡೆ ಅಥವಾ ಸಾಲ್ವೆಂಟ್ ಗಡ್ಡೆ ಕಟ್ಟಿದ್ದರೆ ನಿಂತುಬಿಡುತ್ತದೆ. ಕೊನೆಗೆ ಎರಡು ಬಕೆಟ್ ನೀರು ಸುರಿದು, ಹರಿದು ಹೋದ ಮೇಲೆ ಪೈಪಿನೊಳಗೆ ಎಲ್ಲಾದರೂ ನೀರು ಹೊಳೆಯುತ್ತಿದೆಯಾ ನೋಡಿ. ಎಲ್ಲ ಸರಿ ಇದ್ದರೆ ಟೇಪು ಹಿಡಿದ ಹಾಗೇ ಫೋಟೋ ತೆಗೆದಿಡಿ, ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಅಂತ ಕಾಣುವಂತೆ.

ಈಗಾಗಲೇ ಕಟ್ಟಿದ ಮನೆಯಾಗಿದ್ದರೆ

ಬ್ಲಾಕ್ ಪ್ರತಿ ಸಲ ಒಂದೇ ಎರಡು ಚೇಂಬರಿನ ನಡುವೆ ಆಗುತ್ತಿದ್ದರೆ, ತೊಂದರೆ ಅಷ್ಟೇ ಜಾಗದಲ್ಲಿದೆ. ಮೇಲಿನ ಚೇಂಬರಿನಲ್ಲಿ ನೀರು ಸುರಿದು ನಿಲ್ಲಿಸಿ. ಕೆಳಗಿನ ಚೇಂಬರ್ ಖಾಲಿಯಾದರೂ ಪೈಪಿನ ಬಾಯಲ್ಲಿ ನೀರು ನಿಂತೇ ಇದ್ದರೆ ಒಳಗೆ ತಗ್ಗು ಬಿದ್ದಿದೆ. ಆ ತುಂಡನ್ನಷ್ಟೇ ಅಗೆದು ಸರಿಮಾಡಿಸಿದರೆ ಸಾಕು, ಇಡೀ ಲೈನ್ ಬದಲಿಸಿ ಅನ್ನುವವರ ಮಾತು ಕೇಳಬೇಡಿ. ಕ್ಲೀನಿಂಗಿಗೆ ನೀರಿನ ರಭಸದಿಂದ ಪೈಪ್ ತೊಳೆಯುವ ಜೆಟ್ಟಿಂಗ್ ಗಾಡಿ ಕರೆಸಿ. ಆಳದ ಚೇಂಬರ್, ಸೆಪ್ಟಿಕ್ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ. ಒಳಗಿನ ಗಾಳಿಯೇ ಜೀವ ತೆಗೆಯುತ್ತದೆ, ರಕ್ಷಣೆ ಇಲ್ಲದೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಮಳೆ ಬಂದ ದಿನ ಮಾತ್ರ ನೀರು ವಾಪಸ್ ಬರುತ್ತಿದ್ದರೆ ಅದು ವಾಟದ ದೋಷ ಅಲ್ಲ, ರಸ್ತೆಯ ಲೈನ್ ತುಂಬಿರುವುದು. ಅದಕ್ಕೆ ಗೇಟಿನ ಹತ್ತಿರ ನೀರನ್ನು ಒಂದೇ ಕಡೆಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಹಾಕಿಸಬಹುದು. ಮಣ್ಣಲ್ಲಿ ಹೂಳಬೇಡಿ, ಅದಕ್ಕೇ ಒಂದು ಚೇಂಬರ್ ಕಟ್ಟಿಸಿ. ವಾಲ್ವಿನ ಮುಚ್ಚಳಕ್ಕೆ ಕೂದಲು, ಬಟ್ಟೆ ಚೂರು ಸಿಕ್ಕಿಕೊಂಡರೆ ಅದು ಪೂರ್ತಿ ಮುಚ್ಚುವುದಿಲ್ಲ, ಮಳೆಗಾಲಕ್ಕೆ ಮುಂಚೆ ಒಂದು ಸಲ ತೆಗೆದು ತೊಳೆಯಬೇಕು. ವಾಲ್ವ್ ಮುಚ್ಚಿರುವಷ್ಟು ಹೊತ್ತು ನಿಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ, ಹಾಗಾಗಿ ಮಳೆ ನಿಲ್ಲುವವರೆಗೆ ವಾಷಿಂಗ್ ಮೆಷಿನ್ ಹಾಕಬೇಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಡಿ.